ಗಟ್ಟಿ ರಕ್ತ

2005ರ ಜೂನ್ ತಿಂಗಳ ಎರಡನೆಯ ಮಂಗಳವಾರ, ಬೆಳಿಗ್ಗೆ ಒಂಬತ್ತೂಕಾಲು. ಸ್ಥಳ, ಚಳ್ಳಕೆರೆಯಲ್ಲಿ ಆಗ ಇದ್ದ ಒಂದು ಸಣ್ಣ ಧರ್ಮಾರ್ಥ ಆಸ್ಪತ್ರೆಯ ಪ್ರಯೋಗಾಲಯ. ಹಾಜರಿದ್ದವರು ಐದು ಜನ: ಬೆಂಗಳೂರಿನಿಂದ ಬಂದಿದ್ದ ಸಂಶೋಧನೆಯ ಡಾಕ್ಟರಮ್ಮ, ದೇವಸಮುದ್ರದ ಆಚೆಯ ಹಳ್ಳಿಯ ಗಂಡ ಹೆಂಡತಿ, ಅವರ ಜೊತೆ ಬಂದಿದ್ದ ಒಬ್ಬ ಮುದುಕಿ, ಮತ್ತು ಲ್ಯಾಬ್ ಟೆಕ್ನೀಷಿಯನ್ ಆದ ನಾನು. ಇರಬೇಕಾಗಿದ್ದ ಆರನೆಯವರು ಆಪ್ತ ಸಮಾಲೋಚಕಿ. ಅವರು ಹೆರಿಗೆ ರಜೆಯಲ್ಲಿದ್ದರು. ಅವರು ಬರುವವರೆಗೆ ಆ ಕೆಲಸವನ್ನೂ ನಾನೇ ನೋಡಿಕೊಳ್ಳುತ್ತೇನೆ ಎಂದು ಒಪ್ಪಿಕೊಂಡಿದ್ದೆ. ಯಾರೂ ಒತ್ತಾಯ ಮಾಡಿರಲಿಲ್ಲ.

ಕೆಲಸ ಏನೆಂದರೆ, ಗಂಡನಿಗೆ ಎಚ್‌ಐವಿ ಇದ್ದೂ ಹೆಂಡತಿಗೆ ತಗಲದೆ ಇರುವ ಜೋಡಿಗಳಿಂದ ರಕ್ತ ತೆಗೆದು ಬೆಂಗಳೂರಿಗೆ ಕಳಿಸುವುದು. ಕೆಲವರಿಗೆ ಬೇಗ ತಗಲುತ್ತದೆ, ಕೆಲವರಿಗೆ ವರ್ಷಗಟ್ಟಲೆ ಜೊತೆಗಿದ್ದರೂ ತಗಲುವುದಿಲ್ಲ. ಇದಕ್ಕೆ ಹುಟ್ಟಿನಿಂದ ಬಂದ ಜೀನುಗಳು ಎಷ್ಟು ಕಾರಣ ಎಂಬುದು ಅವರ ಪ್ರಶ್ನೆ. ಡಾಕ್ಟರಮ್ಮ ನನಗೆ ಬಿಳಿ ಹಾಳೆಯ ಮೇಲೆ ಚಿತ್ರ ಬರೆದು ಹೇಳಿದ್ದರು. ಈ ವೈರಸ್ಸು ಬಿಳಿ ರಕ್ತಕಣದೊಳಗೆ ಹೋಗಬೇಕಾದರೆ ಕಣದ ಮೇಲೆ ಒಂದು ಹಿಡಿ ಬೇಕು. ತಂದೆ ತಾಯಿ ಇಬ್ಬರಿಂದಲೂ ಒಂದು ಬಗೆಯ ಜೀನು ಬಂದವರಲ್ಲಿ ಆ ಹಿಡಿಯೇ ಇರುವುದಿಲ್ಲ. ಅಂಥವರು ಯುರೋಪಿನ ಕಡೆ ಇದ್ದಾರೆ, ನಮ್ಮಲ್ಲಿ ಬಹಳ ಅಪರೂಪ. ನಮ್ಮಲ್ಲಿ ಬೇರೆ ಏನಾದರೂ ಇದೆಯೇ ಎಂದು ಅವರು ಹುಡುಕುತ್ತಿದ್ದರು.

ಈ ಜೋಡಿಯ ಸಂಖ್ಯೆ ಹದಿನೇಳು. ಡಾಕ್ಟರಮ್ಮ ಇವರಿಗಾಗಿಯೇ ಬಂದಿದ್ದರು. ಕಾರಣ, ಗಂಡ ಅವಳ ಸೋದರಮಾವ, ತಾಯಿಯ ಸ್ವಂತ ತಮ್ಮ. ದೇಹ ತನ್ನದು ಯಾವುದು, ಪರರದು ಯಾವುದು ಎಂದು ಗುರುತಿಸುವ ಕೆಲವು ಜೀನುಗಳಿವೆ. ಗಂಡ ಹೆಂಡಿರಲ್ಲಿ ಅವು ಒಂದೇ ತರಹ ಇದ್ದರೆ ಸೋಂಕು ಸುಲಭವಾಗಿ ದಾಟಬಹುದು ಎಂಬ ಅನುಮಾನ ಇತ್ತು. ಸೋದರಮಾವನನ್ನು ಕಟ್ಟಿಕೊಂಡವಳಿಗೆ ಬೇಗ ತಗಲಬೇಕಿತ್ತು, ತಗಲಿಲ್ಲ. ಆದ್ದರಿಂದ ಇವಳ ರಕ್ತ ಬೇಕೇ ಬೇಕು. ಮುದುಕಿ ಗಂಡನಿಗೆ ತಾಯಿ, ಹೆಂಡತಿಗೆ ಅತ್ತೆಯೂ ಹೌದು, ತಾಯಿಯ ತಾಯಿಯೂ ಹೌದು. ಹುಡುಗಿ ಅವಳನ್ನು ಅಜ್ಜಿ ಎಂದೇ ಕರೆಯುತ್ತಿದ್ದಳು.

ಸೇನೆಯ ಆಸ್ಪತ್ರೆಯಲ್ಲಿ ಕೆಲಸ ಕಲಿತವನು ನಾನು. ನೇರಳೆ ಮುಚ್ಚಳದ ಟ್ಯೂಬಿಗೆ ರಕ್ತ ಬಿದ್ದ ತಕ್ಷಣ ಎಂಟು ಸಲ ಮೆಲ್ಲಗೆ ತಲೆಕೆಳಗು ಮಾಡಬೇಕು. ಏಳಲ್ಲ, ಒಂಬತ್ತಲ್ಲ. ಕುಲುಕಬಾರದು. ಚೀಟಿಯನ್ನು ಟ್ಯೂಬು ಕೈಯಲ್ಲಿರುವಾಗಲೇ ಬರೆಯಬೇಕು, ಆಮೇಲೆ ಅಲ್ಲ. ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ ಮೇಲಿನ ತಿಳಿಯನ್ನು ಬೇರೆ ಮಾಡಿ, ಐಸ್ ಪ್ಯಾಕ್ ಇಟ್ಟ ಪೆಟ್ಟಿಗೆಯಲ್ಲಿ ಕಟ್ಟಿ, ಮಧ್ಯಾಹ್ನ ಎರಡರ ಬೆಂಗಳೂರು ಬಸ್ಸಿನ ಕಂಡಕ್ಟರಿಗೆ ಒಪ್ಪಿಸಬೇಕು. ಇಷ್ಟರ ನಡುವೆ ಗಂಡನನ್ನೂ ಹೆಂಡತಿಯನ್ನೂ ಬೇರೆ ಬೇರೆ ಕೂರಿಸಿ, ಮೂರನೆಯವರು ಇಲ್ಲದೆ, ನಾಲ್ಕು ಪುಟದ ಫಾರಂ ತುಂಬಬೇಕು.

ಒಂಬತ್ತೂವರೆಗೆ ಇಬ್ಬರ ರಕ್ತವೂ ಆಯಿತು. ಒಂಬತ್ತು ಐವತ್ತಕ್ಕೆ ಸೆಂಟ್ರಿಫ್ಯೂಜ್ ನಿಂತಿತು.

ಎಣ್ಣೆ ಮಿಲ್ಲುಗಳ ಮೋಟಾರು ವೈಂಡಿಂಗ್ ಮಾಡುವ ಒಬ್ಬ ಮೆಕ್ಯಾನಿಕ್ ಸಾಬರು ನಮ್ಮ ಯಂತ್ರಗಳನ್ನೂ ನೋಡುತ್ತಿದ್ದರು. ಹೇಳಿ ಕಳಿಸಿದೆ. ಅವರು ಬಂದು ಮುಚ್ಚಳ ತೆಗೆದು ಮೂಸಿ ನೋಡಿದರು.

"ಸುಟ್ಟಿಲ್ಲ ಸಾರ್. ಕಾರ್ಬನ್ ಹೋಗೈತೆ. ನಮ್ಮ ಮನ್ಯಾಗೆ ಬೇಗಂ ಮಿಕ್ಸಿಗೂ ಇದೇ ರೋಗ."

"ಇದು ಮಿಕ್ಸಿ ಅಲ್ಲ," ಎಂದೆ.

"ಫಿಕರ್ ಬ್ಯಾಡ. ಅದು ಚಟ್ನಿ ರುಬ್ತೈತೆ, ಇದು ರಕ್ತ ರುಬ್ತೈತೆ. ಮೋಟಾರು ಒಂದೇ."

"ಎಷ್ಟು ಹೊತ್ತು?"

"ನೀವು ಎದುರಿಗೆ ನಿಂತ್ರೆ ಎರಡು ಗಂಟೆ. ಒಳಗೆ ಹೋದ್ರೆ ಒಂದು ಗಂಟೆ."

ನಾನು ಎದುರಿಗೇ ನಿಂತೆ. ನಾನಿಲ್ಲದಾಗ ನನ್ನ ಯಂತ್ರಕ್ಕೆ ಯಾರೂ ಕೈ ಹಾಕುವಂತಿರಲಿಲ್ಲ. ಫಾರಂ ತುಂಬಲು ಇಟ್ಟಿದ್ದ ಹೊತ್ತನ್ನು ಹೀಗೆ ಸ್ಕ್ರೂಗಳನ್ನು ಎಣಿಸುತ್ತ ಕಳೆದೆ. ಯಂತ್ರ ತಿರುಗಿದಾಗ ಹನ್ನೆರಡೂವರೆ.

ಬಸ್ಸಿಗೆ ಒಂದೂವರೆ ಗಂಟೆ ಉಳಿದಿತ್ತು. ಗಂಡ ಹೆಂಡತಿ ಇಬ್ಬರನ್ನೂ ಒಟ್ಟಿಗೆ ಕರೆದೆ. ಡಾಕ್ಟರಮ್ಮ ಎದುರಿನ ಕುರ್ಚಿಯಲ್ಲಿ ಕೂತಿದ್ದರು. ಮುದುಕಿಯೂ ಬಂದು ಬಾಗಿಲ ಬಳಿ ನಿಂತಳು. ಹೊರಗೆ ಹೋಗು ಎನ್ನಲಿಲ್ಲ. ಮೊದಲ ಮೂರು ಪುಟ ಸರಸರನೆ ಮುಗಿಯಿತು. ವಯಸ್ಸು ಅವನಿಗೆ ಮೂವತ್ತೊಂದು, ಅವಳಿಗೆ ಇಪ್ಪತ್ತೆರಡು. ಮದುವೆಯಾಗಿ ನಾಲ್ಕು ವರ್ಷ, ಮಕ್ಕಳಿಲ್ಲ. ಅವನ ಕೆಲಸ ಬೋರ್‌ವೆಲ್ ಗಾಡಿಯಲ್ಲಿ ಪೈಪು ಇಳಿಸುವುದು. ಕೆಮ್ಮು ಹೆಚ್ಚಾಗಿ ಬಳ್ಳಾರಿಯಲ್ಲಿ ತೋರಿಸಿದಾಗ ರೋಗ ಗೊತ್ತಾಗಿ ಎರಡು ವರ್ಷ. ನಾಲ್ಕನೆಯ ಪುಟದಲ್ಲಿ, ಗಂಡ ಹೆಂಡತಿ ತಿಂಗಳಿಗೆ ಎಷ್ಟು ಸಲ ಕೂಡುತ್ತಾರೆ, ಕಾಂಡೋಮ್ ಬಳಸುತ್ತಾರೋ ಇಲ್ಲವೋ ಎಂಬ ಪ್ರಶ್ನೆ.

ಗಂಡ ತನ್ನ ಚಪ್ಪಲಿ ನೋಡಿಕೊಂಡ. ಆಮೇಲೆ ತಲೆ ಎತ್ತಿ, "ಮೂರ್ನಾಕು ಸಲ ಅಂತ ಬರ್ಕೊಳ್ರಿ ಸಾರ್. ಅದೇನೂ ಹಾಕ್ಕೊಳಲ್ಲ," ಎಂದ.

"ಸರಿಯೇನಮ್ಮ?" ಎಂದೆ. ಹುಡುಗಿ ನೆಲ ನೋಡುತ್ತ ತಲೆಯಾಡಿಸಿದಳು. ಮುದುಕಿ ಕಿಟಕಿಯ ಕಡೆ ತಿರುಗಿದಳು. ಎರಡನ್ನೂ ನೋಡಿದೆ. ನೋಡಿಯೂ 'ಮೂರರಿಂದ ನಾಲ್ಕು, ರಕ್ಷಣೆ ಇಲ್ಲದೆ' ಎಂದು ನೀಲಿ ಶಾಯಿಯಲ್ಲಿ ಬರೆದೆ. ನನ್ನ ಅಕ್ಷರ ಚೆನ್ನಾಗಿತ್ತು.

ಟ್ಯೂಬುಗಳನ್ನು ಪೆಟ್ಟಿಗೆಗೆ ಇಳಿಸುತ್ತಿದ್ದಾಗ ಮುದುಕಿ ಹತ್ತಿರ ಬಂದಳು. ಡಾಕ್ಟರಮ್ಮ ಹೊರಗೆ ಕಾರಿನ ಬಳಿ ಇದ್ದರು.

"ಏಂ ನಾಯನಾ, ಹುಡ್ಗಿಗೆ ಯಾಕೆ ಬಂದಿಲ್ಲಂತೆ?" ಎಂದು ತನ್ನ ತೆಲುಗು ಬೆರೆತ ಮಾತಿನಲ್ಲಿ ಕೇಳಿದಳು.

ಜೀನು, ಕಣ, ಹಿಡಿ, ಅನುಮಾನ, ಇನ್ನೂ ಹುಡುಕುತ್ತಿದ್ದಾರೆ ಎಂಬುದನ್ನೆಲ್ಲ ಇವಳಿಗೆ ಎಲ್ಲಿಂದ ಹೇಳುವುದು? ಗಡಿಯಾರ ಒಂದೂ ಮುಕ್ಕಾಲು ತೋರಿಸುತ್ತಿತ್ತು. "ನಿನ್ನ ಮೊಮ್ಮಗಳ ರಕ್ತ ಗಟ್ಟಿ ಐತೆ ಅಜ್ಜಿ. ರೋಗನ ಒಳಕ್ಕೆ ಬಿಟ್ಟುಕೊಳ್ಳಲ್ಲ," ಎಂದೆ.

ಅವಳು ಕೈ ಮುಗಿದಳು. "ನಮ್ದೇ ರಕ್ತ ಅಲ್ಲೇನು," ಎಂದಳು.

ನಿಯಮದಂತೆ ಕಾಂಡೋಮಿನ ಪೊಟ್ಟಣ ಕೊಟ್ಟು ಕಳಿಸಿದೆ. ಎರಡರ ಬಸ್ಸು ಸಿಕ್ಕಿತು. ಅಂದಿನ ದಿನಚರಿಯಲ್ಲಿ 'ಕೆಲಸ ತೃಪ್ತಿಕರ' ಎಂದು ಬರೆದದ್ದು ಈಗಲೂ ಇದೆ.

ಮೂರು ನಾಲ್ಕು ತಿಂಗಳಿಗೊಮ್ಮೆ ಮರುಪರೀಕ್ಷೆ. ಸೆಪ್ಟೆಂಬರಿನಲ್ಲಿ ಹುಡುಗಿ ಒಬ್ಬಳೇ ಬಂದಳು. ಅಜ್ಜಿ ಕುರಿ ಹಿಂದೆ ಹೋಗಿದ್ದಾಳೆ, ಗಂಡನಿಗೆ ಜ್ವರ ಎಂದಳು. ಸಮಾಲೋಚಕಿ ಇನ್ನೂ ರಜೆಯಲ್ಲೇ ಇದ್ದರು. ರಕ್ತ ತೆಗೆದೆ, ಎಂಟು ಸಲ ತಿರುಗಿಸಿದೆ, ಪಟ್ಟಿಯ ಮೇಲೆ ಹನಿ ಹಾಕಿದೆ. ಒಂದೇ ಗೆರೆ. ಸೋಂಕಿಲ್ಲ.

ಫಾರಮಿನ ನಾಲ್ಕನೆಯ ಪುಟ ತೆರೆದು, "ಹಿಂದಿನಷ್ಟೇ ತಾನೆ?" ಎಂದೆ.

"ಹಿಂದೆ ಅಂದ್ರೆ ಯಾವಾಗ ಸಾರ್?"

"ಜೂನ್‌ನಲ್ಲಿ ಬರೆಸಿದ್ದೀರಲ್ಲ. ತಿಂಗಳಿಗೆ ಮೂರ್ನಾಲ್ಕು."

ಅವಳು ನಕ್ಕಳು. ಆ ನಗುವಿನಲ್ಲಿ ಸಂತೋಷ ಏನೂ ಇರಲಿಲ್ಲ. "ಬರೆಸಿದ್ದು ಅವರು. ನನ್ನೇನು ಕೇಳಿದ್ರಾ ನೀವು?"

ಪೆನ್ನು ಕೆಳಗಿಟ್ಟೆ. ಬಾಗಿಲು ಹಾಕಿದೆ. ಜೂನಿನಲ್ಲಿ ಮಾಡಬೇಕಾಗಿದ್ದ ಕೆಲಸವನ್ನು ಆಗ ಮಾಡಿದೆ, ಎಂದರೆ ಸುಮ್ಮನೆ ಕೂತು ಕೇಳಿದೆ.

ಮದುವೆಯಾದ ಮೊದಲ ವರ್ಷ ಗಂಡ ಊರಲ್ಲೇ ಇದ್ದ. ಆಮೇಲೆ ಬೋರ್‌ವೆಲ್ ಗಾಡಿಯ ಜೊತೆ ಹೋದವನು ವರ್ಷದ ಮೇಲೆ ಕೆಮ್ಮಿಕೊಂಡು ವಾಪಸ್ ಬಂದ. ನಡುವೆ ಒಮ್ಮೆಯೂ ಬಂದಿರಲಿಲ್ಲ. ಬರುವಾಗಲೇ ಬಳ್ಳಾರಿಯಲ್ಲಿ ತೋರಿಸಿ ತಂದಿದ್ದ ಕಾಗದದಲ್ಲಿ ಏನಿದೆ ಎಂದು ಏಳನೇ ಕ್ಲಾಸು ಓದಿದ್ದ ಇವಳೇ ಮೊದಲು ಓದಿದ್ದು. ಯಾರಿಗೂ ಏನೂ ಹೇಳದೆ ಮಾರಮ್ಮನ ಗುಡಿಗೆ ಹೋಗಿ ಬಂದು, ಮಾವನಿಗೆ ಗುಣವಾಗುವ ತನಕ ಒಪ್ಪತ್ತು ಉಂಡು ಬೇರೆ ಮಲಗುತ್ತೇನೆ ಎಂದು ಹರಕೆ ಹೊತ್ತಳು. ಅಂದಿನಿಂದ ಮಲಗುತ್ತಿದ್ದದ್ದು ಕುರಿ ಕೂಡುವ ರೊಪ್ಪದ ಪಕ್ಕದ ಗುಡಿಸಲಲ್ಲಿ, ಮರಿಗಳ ಜೊತೆ.

"ನಿನಗೆ ಆ ಹರಕೆಯ ಮೇಲೆ ನಂಬಿಕೆ ಇತ್ತೇ?"

"ಅಮ್ಮನ ಮ್ಯಾಲೆ ನಂಬಿಕೆ ಐತೆ ಸಾರ್. ಹರಕೆ ಅಂದ್ರೆ ಅಜ್ಜಿ ಸುಮ್ಕಿರ್ತಾಳೆ, ರೋಗ ಅಂದ್ರೆ ಸುಮ್ಕಿರಲ್ಲ. ಅದ್ಕೇ."

ಇಂಥ ಹರಕೆಗಳನ್ನು ಕಂಡರೆ ನಾನು ಸಿಡುಕುವವನು. ಎಷ್ಟೋ ಜನರಿಗೆ ಬೈದು ಬುದ್ಧಿ ಹೇಳಿದ್ದೇನೆ. ಏಳನೇ ಕ್ಲಾಸಿನ ಈ ಹುಡುಗಿ ಎರಡು ವರ್ಷ ನಮ್ಮೆಲ್ಲರಿಗಿಂತ ಚೆನ್ನಾಗಿ ಆ ರೋಗವನ್ನು ತಡೆದಿದ್ದಳು. ಅವಳ ರಕ್ತದಲ್ಲಿ ಏನೂ ಇರಬೇಕಾಗಿರಲಿಲ್ಲ. ರೋಗ ಅವಳ ಹತ್ತಿರ ಬಂದೇ ಇರಲಿಲ್ಲ.

"ಈಗಲೂ ರೊಪ್ಪದಲ್ಲೇ ಮಲಗುತ್ತೀಯಾ?"

ಅವಳು ಸೆರಗಿನ ಅಂಚು ಸುತ್ತುತ್ತ ಹೇಳಿದಳು. "ಇಲ್ಲ ಸಾರ್. ನೀವು ರಕ್ತ ಗಟ್ಟಿ ಐತೆ ಅಂದ್ರಂತಲ್ಲ. ಮುಂದಿನ ಮಂಗಳವಾರನೇ ಅಜ್ಜಿ ಗುಡಿಗೆ ಕರ್ಕೊಂಡು ಹೋಗಿ, ಕೋಳಿ ಕೊಯ್ಸಿ ಹರಕೆ ಬಿಡಿಸಿದ್ಲು. ಮಗ ಬದುಕಿರೋ ಹಂಗೇ ಒಂದು ಬಿಡ್ಡ ಆಗ್ಲಿ, ಮನ್ಯಾಗೆ ಕೂಸು ಆಡ್ಲಿ ಅಂತ."

"ಪೊಟ್ಟಣ ಕೊಟ್ಟಿದ್ದೆನಲ್ಲ?"

"ಬಿಡ್ಡ ಬೇಕು ಅನ್ನೋರಿಗೆ ಪೊಟ್ಟಣ ಯಾಕೆ ಸಾರ್?"

"ತವರಿಗೆ ಹೋಗಿರಬಹುದಿತ್ತು."

"ನಮ್ಮವ್ವನೂ ಅದೇ ಅಜ್ಜಿ ಮಗಳು. ನನಗೆ ಬೇರೆ ತವರು ಎಲ್ಲೈತೆ?"

ಹೊರಗೆ ಮಲೇರಿಯಾ ಪರೀಕ್ಷೆಗೆ ಹನ್ನೊಂದು ಜನ ಕಾಯುತ್ತಿದ್ದರು. ಗಂಟೆ ಹನ್ನೊಂದೂಕಾಲು. ರೋಗಿಯ ಮನೆಗೆ ಲ್ಯಾಬಿನವರು ಹೋಗಬಾರದು ಎಂಬುದು ನಿಯಮ, ಊರವರಿಗೆ ಗೊತ್ತಾಗುತ್ತದೆ ಎಂಬ ಕಾರಣಕ್ಕೆ. ಒಳ್ಳೆಯ ನಿಯಮ. ಇಪ್ಪತ್ತಾರು ವರ್ಷಗಳಲ್ಲಿ ನಾನು ಕೆಲಸದ ಹೊತ್ತಿನಲ್ಲಿ ಲ್ಯಾಬಿಗೆ ಬೀಗ ಹಾಕಿದವನಲ್ಲ. ಅಂದು ಹಾಕಿದೆ. ಟ್ಯೂಬುಗಳನ್ನು ಫ್ರಿಜ್ಜಿನಲ್ಲಿಟ್ಟು, ಕಾಯುತ್ತಿದ್ದವರಿಗೆ ನಾಳೆ ಬನ್ನಿ ಎಂದು ಹೇಳಿ, ಹುಡುಗಿಯನ್ನು ಬಸ್ಸಿಗೆ ಹತ್ತಿಸಿ, ಮೆಕ್ಯಾನಿಕ್ ಸಾಬರ ಅಂಗಡಿಗೆ ಹೋದೆ.

"ದೇವಸಮುದ್ರದ ತನಕ ಬಿಡುತ್ತೀರಾ?"

"ಯಾವ ಮೆಷಿನ್ ಕೆಟ್ಟೈತೆ ಅಲ್ಲಿ?"

"ಮೆಷಿನ್ ಅಲ್ಲ. ನಾನು ಕೆಡಿಸಿದ್ದು."

 ಅವರು ಕೈ ಒರೆಸಿಕೊಂಡು ಬೈಕು ತೆಗೆದರು.  ಹುಡುಗಿಯ ಊರ ಹೊರಗೆ ಬೈಕು ನಿಲ್ಲಿಸಿ, "ನಾನು ಬರಲ್ಲ. ಇಬ್ಬರು ಹೋದ್ರೆ ಜನ ನೋಡ್ತಾರೆ. ಕೇಳಿದ್ರೆ ಕುರಿ ಯಾಪಾರಕ್ಕೆ ಬಂದೀವಿ ಅನ್ರಿ," ಎಂದರು. ನನಗೆ ಅದು ಹೊಳೆದಿರಲಿಲ್ಲ.

ಗಂಡ ಪಡಸಾಲೆಯಲ್ಲಿ ಕಂಬಳಿ ಹೊದ್ದು ಕೂತಿದ್ದ. ಬಿಸಿಲು ಏರಿತೆಂದು ಮುದುಕಿ ಆಗತಾನೆ ಕುರಿ ಕೂಡಿ ಬಂದಿದ್ದಳು. ಚೊಂಬಿನಲ್ಲಿ ನೀರು ಕೊಟ್ಟಳು. ಕುಡಿಯುವ ಮೊದಲೇ ಹೇಳಿದೆ. "ಅಜ್ಜಿ, ಅವತ್ತು ನಾನು ಹೇಳಿದ್ದು ತಪ್ಪು. ರಕ್ತ ಗಟ್ಟಿ ಅನ್ನೋದೆಲ್ಲ ಇಲ್ಲ. ಬೇರೆ ಮಲಗಿದ್ದಳು, ಅದಕ್ಕೇ ಬಂದಿರಲಿಲ್ಲ. ಈಗ ಬರುತ್ತದೆ."

"ಅವತ್ತು ಪರೀಕ್ಷೆ ಮಾಡಿ ಹೇಳಿದ್ರಿ. ಇವತ್ತು ಬರಿಗೈಲಿ ಬಂದು ಇಲ್ಲ ಅಂತೀರಿ."

"ಅವತ್ತು ನಿಮ್ಮ ಮಗ ಹೇಳಿದ್ದು ಸುಳ್ಳು. ಅದನ್ನು ನಂಬಿ ಬರೆದೆ."

"ಮಗ ಹೇಳಿದ್ದು ಬಾಯಿ ಮಾತು ನಾಯನಾ. ನೀವು ತಗೊಂಡಿದ್ದು ರಕ್ತ. ರಕ್ತ ಸುಳ್ಳು ಹೇಳ್ತೈತಾ?"

 ಆ ಮಾತು ಆಡಿದಾಗ ರಕ್ತ ಇನ್ನೂ ನನ್ನ ಮೇಜಿನ ಮೇಲೇ ಇತ್ತು. ಅದರ ಜೀನನ್ನು ಆಗ ಯಾರೂ ನೋಡಿರಲಿಲ್ಲ. ಅದನ್ನೇ ಹೇಳಿದೆ. 

"ನೋಡದೇನೇ ಹೇಳಿದ್ರಾ?"

"ಹೌದು."

"ಅಷ್ಟು ದೊಡ್ಡ ಮಾತನ್ನ?"

"ಹೌದಮ್ಮ."

ಗಂಡ ಕಂಬಳಿಯೊಳಗಿನಿಂದಲೇ ಮಾತಾಡಿದ. "ಅವ್ವ, ಬಿಡು. ಮೂರ್ನಾಕು ಅಂದಿದ್ದು ನಾನೇ. ಆ ಡಾಕ್ಟರಮ್ಮ ಹಂಗೆ ನೋಡ್ತಾ ಕೂತಿದ್ರು. ಏನೂ ಇಲ್ಲ ಅನ್ನೋಕೆ ನಾಚ್ಕೆ ಆತು." ಆಮೇಲೆ ನನಗೆ ಹೇಳಿದ. "ಇವತ್ತಿಂದ ಅವಳು ಅಲ್ಲೇ ಮಲಗ್ಲಿ ಸಾರ್. ನಾನು ಮಾತು ತಪ್ಪಲ್ಲ."

ಹುಡುಗಿ ಬಸ್ಸಿಳಿದು ಬರುವ ಹೊತ್ತಿಗೆ ನಾನು ಹೊರಟಿದ್ದೆ. ದಾರಿಯಲ್ಲಿ ಎದುರಾದಳು. ಏನಾಯಿತು ಎಂದು ನಾನೇ ಹೇಳಿದೆ. ಜನವರಿಯಲ್ಲಿ ತಪ್ಪದೆ ಬರಬೇಕು ಎಂದೆ. ಇವತ್ತು ಒಂದೇ ಗೆರೆ ಬಂದಿತಲ್ಲ ಎಂದಳು. ಸೋಂಕು ತಗಲಿದ ಮೇಲೂ ಕೆಲವು ವಾರ ಪಟ್ಟಿಯಲ್ಲಿ ಕಾಣುವುದಿಲ್ಲ ಎಂದು ವಿವರಿಸಿದೆ. ಈ ಸಲ ಖಚಿತವಲ್ಲದ್ದನ್ನು ಖಚಿತವಲ್ಲ ಎಂದೇ, ಪೂರ್ತಿ ಹೇಳಿದೆ.

ವಾಪಸ್ ಬಂದಾಗ ಕರೆಂಟು ಹೋಗಿ ಫ್ರಿಜ್ಜು ಬೆಚ್ಚಗಾಗಿತ್ತು. ಆ ದಿನದ ಟ್ಯೂಬುಗಳನ್ನು ಬ್ಲೀಚಿಂಗ್ ನೀರಿಗೆ ಹಾಕಿದೆ. ಮರುದಿನ ಬೆಂಗಳೂರಿಗೆ ಪತ್ರ ಬರೆದೆ: ಜೋಡಿ ಹದಿನೇಳರ ಜೂನಿನ ಉತ್ತರ ಸುಳ್ಳು, ತುಂಬಿದ ರೀತಿ ನಿಯಮಕ್ಕೆ ವಿರುದ್ಧ, ತುಂಬಿದವನು ನಾನು.

ಗಂಡ ಮಾತು ತಪ್ಪಲಿಲ್ಲ. ಅದನ್ನು ಹುಡುಗಿಯೇ ಆಮೇಲೆ ಹೇಳಿದಳು. ಅದರಿಂದ ನನ್ನ ಪಾಲಿನದು ಕಡಿಮೆಯಾಗುವುದಿಲ್ಲ, ಹೆಚ್ಚಾಗುತ್ತದೆ. ಸೆಪ್ಟೆಂಬರಿನಿಂದ ಆಚೆಗೆ ಅವರ ಮನೆಯಲ್ಲಿ ಯಾರೂ ತಪ್ಪು ಮಾಡಲಿಲ್ಲ. ಅದಕ್ಕೆ ಹಿಂದಿನ ಮೂರು ತಿಂಗಳು ನಾನು ಕೊಟ್ಟದ್ದು.

2006ರ ಜನವರಿ, ಮೂರನೆಯ ಮಂಗಳವಾರ. ಹುಡುಗಿ ಬೆಳಿಗ್ಗೆ ಹತ್ತಕ್ಕೆ ಬಂದಳು. ಸಮಾಲೋಚಕಿ ಕೆಲಸಕ್ಕೆ ಮರಳಿದ್ದರು. ಮೊದಲ ಪಟ್ಟಿಯಲ್ಲಿ ಎರಡು ಗೆರೆ. ನಿಯಮದಂತೆ ಬೇರೆ ಬಗೆಯ ಎರಡನೆಯ ಪರೀಕ್ಷೆ ಮಾಡಿದೆ, ಆಮೇಲೆ ಮೂರನೆಯದು. ಮೂರರಲ್ಲೂ ಅದೇ. ಪ್ರತಿ ಸಲವೂ ಗಡಿಯಾರ ನೋಡಿ, ಹೇಳಿದಷ್ಟೇ ನಿಮಿಷ ಕಾದೆ. ಒಂದು ನಿಮಿಷ ಹೆಚ್ಚು ಕಾದರೆ ಏನಾದರೂ ಬದಲಾದೀತೇ ಎಂದು ಮನಸ್ಸು ಕೇಳಿತು. ಕಾಯಲಿಲ್ಲ. ಗರ್ಭ ಇರಲಿಲ್ಲ. ಮುದುಕಿ ಕೇಳಿದ ಮಗುವೂ ಸಿಗಲಿಲ್ಲ.

ಸಮಾಲೋಚಕಿ ಅವಳನ್ನು ಒಳಗೆ ಕೂರಿಸಿಕೊಂಡು ತಿಳಿಸಿದರು. ನಾನು ಬೆಂಗಳೂರಿಗೆ ಫೋನು ಮಾಡಿದೆ. ಡಾಕ್ಟರಮ್ಮನೇ ಎತ್ತಿದರು.

"ಜೂನ್ ರಕ್ತದಲ್ಲಿ ನಾವು ಹುಡುಕಿದ ಜಾಗದಲ್ಲಿ ವಿಶೇಷ ಏನೂ ಸಿಗಲಿಲ್ಲ," ಎಂದರು.

"ಸಿಗಲು ಏನಿತ್ತು ಮೇಡಂ?"

"ನಿಮ್ಮ ಪತ್ರ ಓದಿದೆ. ಆ ದಿನ ನಾನೂ ಅಲ್ಲೇ ಇದ್ದೆ. ಕೇಳಬೇಕಿತ್ತು." ಆಮೇಲೆ, "ಹೀಗೆ ಹೇಳುವುದು ಕಷ್ಟ. ಆದರೆ ಈಗ ಈ ಜೋಡಿಯ ರಕ್ತ ಇನ್ನೂ ಮುಖ್ಯ. ಮೊದಲಿನದು ಇದೆ, ತಗಲಿದ ಮೇಲಿನದೂ ಬೇಕು. ಅವರು ಒಪ್ಪಿದರೆ," ಎಂದರು.

ಒಪ್ಪದಿರಲಿ ಎಂದುಕೊಂಡೇ ಒಳಗೆ ಹೋದೆ. ಹುಡುಗಿ ಅಳುತ್ತಿರಲಿಲ್ಲ. ಸಮಾಲೋಚಕಿಯ ಕಣ್ಣು ಕೆಂಪಾಗಿತ್ತು. ಡಾಕ್ಟರಮ್ಮ ಹೇಳಿದ್ದನ್ನು ಒಂದು ಮಾತೂ ಬಿಡದೆ ತಿಳಿಸಿದೆ. ಇದರಿಂದ ನಿನಗೆ ಗುಣವಾಗುವುದಿಲ್ಲ, ಬೇಡ ಎಂದರೆ ಯಾರೂ ಏನೂ ಅನ್ನುವುದಿಲ್ಲ, ಮಾತ್ರೆಯ ವಿಚಾರ ಬೇರೆ, ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದೂ ಹೇಳಿದೆ.

ಅವಳು ಕುಪ್ಪಸದ ತೋಳು ಮೇಲೆ ಸರಿಸಿದಳು.

"ತಗೊಳ್ರಿ. ಈ ಸಲ ನನ್ನ ಕೇಳಿ ಬರ್ಕೊಳ್ರಿ."

ಸಮಾಲೋಚಕಿಯನ್ನು ಬಾಗಿಲ ಹೊರಗೆ ಕೂರಿಸಿ, ಮೊದಲ ಪುಟದಿಂದ ಶುರುಮಾಡಿದೆ. ಒಂದೊಂದನ್ನೂ ಕೇಳಿದೆ. ಅವಳು ಹೇಳುವವರೆಗೆ ಕಾದೆ. ಹೇಳಿದ್ದನ್ನು ಓದಿ ತೋರಿಸಿದೆ. ಒಂದು ಗಂಟೆ ಹತ್ತು ನಿಮಿಷ ಹಿಡಿಯಿತು. ಜೂನಿನ ಫಾರಮಿನ ನಾಲ್ಕನೆಯ ಪುಟ ತೆಗೆದು, ನೀಲಿ ಶಾಯಿಯ ಉತ್ತರದ ಮೇಲೆ ಕೆಂಪು ಗೆರೆ ಎಳೆದು, ಪಕ್ಕದಲ್ಲಿ ಸೊನ್ನೆ ಬರೆದು, ದಿನಾಂಕ ಹಾಕಿ ಸಹಿ ಮಾಡಿದೆ. ಆಮೇಲೆ ರಕ್ತ ತೆಗೆದೆ. ಎಂಟು ಸಲ ಮೆಲ್ಲಗೆ ತಿರುಗಿಸಿದೆ. ಸೆಂಟ್ರಿಫ್ಯೂಜ್ ಒಂದೇ ಸಲಕ್ಕೆ ತಿರುಗಿತು.

ಹೋಗುವಾಗ ಅವಳು ನೆಲ ನೋಡದೆ ನನ್ನನ್ನೇ ನೋಡಿ, "ಬರ್ತೀನಿ ಸಾರ್," ಎಂದಳು. ದೇವಸಮುದ್ರದ ಕಡೆಯ ಬಸ್ಸು ಒಂದೂವರೆಗೆ.

ಹಳೆಯ ಚೀಟಿಗಳಲ್ಲಿ ಅವಳದು ಹದಿನೇಳು, ಸೋಂಕಿಲ್ಲ ಎಂದಿತ್ತು. ರಕ್ತ ತೆಗೆದಾಗಲೇ, ಟ್ಯೂಬು ಕೈಯಲ್ಲಿರುವಾಗಲೇ, ಹೊಸ ಚೀಟಿ ಬರೆದು ಅಂಟಿಸಿದ್ದೆ. ಪೆಟ್ಟಿಗೆ ಕಟ್ಟಿ ನಿಲ್ದಾಣಕ್ಕೆ ನಡೆದೆ. ಎರಡು ಗಂಟೆಗೆ ಕಂಡಕ್ಟರಿಗೆ ಒಪ್ಪಿಸಿ, ರಸೀದಿಗೆ ಸಹಿ ಹಾಕಿಸಿಕೊಂಡೆ.